ಫಾಮಗುಸ್ತಾ ಎಂದು ಬರೆದವಳು

ಮಾಕಳಿ
೮ ಫೆಬ್ರವರಿ ೨೦೨೬, ಭಾನುವಾರ

ನನ್ನ ಪಕ್ಕದ ಮೇಜಿನ ರಕ್ಷಿತಾಳಿಗೆ,

ಸವಿತಕ್ಕನ ಕಡೆಯಿಂದ ತುಂಬು ಪ್ರೀತಿ. ಧಾರವಾಡದಲ್ಲಿ ನೀನು, ನಿಮ್ಮವರು, ಪುಟ್ಟಿ ಎಲ್ಲರೂ ಕ್ಷೇಮವೆಂದು ನಂಬಿದ್ದೇನೆ. ಪುಟ್ಟಿಗೆ ಈಗ ಒಂದೂವರೆ ತುಂಬಿರಬೇಕು. ಫೋನಿನಲ್ಲಿ ಮಾತಾಡಬಹುದಾಗಿದ್ದನ್ನು ಕಾಗದದಲ್ಲಿ ಬರೆಯುತ್ತಿದ್ದಾಳಲ್ಲ, ಇವಳಿಗೇನಾಯಿತು ಎಂದು ನೀನು ಹುಬ್ಬೇರಿಸುವುದು ನನಗೆ ಇಲ್ಲಿಂದಲೇ ಕಾಣುತ್ತಿದೆ. ಫೋನಿನಲ್ಲಾದರೆ ನಾನು ನಡುವೆ ಬೇರೆ ಮಾತಿಗೆ ಜಾರಿಬಿಡುತ್ತೇನೆ. ಮೂರು ವರ್ಷದಿಂದ ಹಾಗೆಯೇ ಜಾರಿದ್ದೇನೆ. ಅದಕ್ಕೇ ಈ ಕಾಗದ.

ಮೊದಲು ಮನೆಯ ಸುದ್ದಿ. ನಮ್ಮವರು ಈಗ ಕೋಲು ಹಿಡಿದು ಬೀದಿಯ ಕೊನೆಯ ಅಂಗಡಿಯವರೆಗೆ ಹೋಗಿ ಹಾಲು, ಪೇಪರ್ ತರುತ್ತಾರೆ. ಎಡಗೈ ಇನ್ನೂ ಪೂರ್ತಿ ಬಂದಿಲ್ಲ, ಮಾತು ಮಾತ್ರ ಬೇಕಾದ್ದಕ್ಕಿಂತ ಹೆಚ್ಚೇ ಬಂದಿದೆ. ಲಕ್ವ ಹೊಡೆದು ಮಲಗಿದ್ದ ಆ ದಿನಗಳಲ್ಲಿ ನೀನು ಅವರನ್ನು ನೋಡಿದ್ದೆ. ಈಗ ನೋಡಿದರೆ ಗುರುತು ಹಿಡಿಯಲಾರೆ. ಮೆಟ್ರೊ ಮಾದಾವರದ ತನಕ ಬಂದಿರುವುದರಿಂದ ನನ್ನ ಓಡಾಟವೂ ಹಗುರಾಗಿದೆ. ಒಂದು ಬಸ್ಸು, ಆಮೇಲೆ ರೈಲು, ಪೀಣ್ಯದಲ್ಲಿ ಇಳಿದು ಹತ್ತು ನಿಮಿಷದ ನಡಿಗೆ. ತುಮಕೂರು ರಸ್ತೆಯ ಧೂಳು ಕುಡಿಯುವುದು ತಪ್ಪಿದೆ.

ಫ್ಯಾಕ್ಟರಿಯ ಕಥೆ ಮಾತ್ರ ಕಳೆದ ದಸರಾ ಹೊತ್ತಿಗೆ ಚೆನ್ನಾಗಿರಲಿಲ್ಲ. ಆರ್ಡರುಗಳು ಒಣಗಿ ಹೋಗಿದ್ದವು. ಎರಡು ಲೇತ್ ಯಂತ್ರಗಳ ಮೇಲೆ ಹೊದಿಕೆ ಬಿದ್ದಿತ್ತು. ನಮ್ಮ ಸಿದ್ದಲಿಂಗಯ್ಯ ಸಾರ್ ಶೆಡ್ಡನ್ನು ಗೋದಾಮಿನವರಿಗೆ ಬಾಡಿಗೆಗೆ ಕೊಟ್ಟುಬಿಡುವ ಮಾತು ಶುರುಮಾಡಿದ್ದರು. ಯಾರೋ ಇಬ್ಬರು ಟೇಪು ಹಿಡಿದು ಬಂದು ಉದ್ದಗಲ ಅಳೆದೂ ಹೋದರು. ಅವರು ಅಳೆಯುವಾಗ ಟರ್ನರ್ ಚನಬಸಪ್ಪ ತನ್ನ ಯಂತ್ರದ ಪಕ್ಕದಿಂದ ಅಲುಗಾಡಲೇ ಇಲ್ಲ. ಟೇಪು ಅವನ ಕಾಲಿನ ಸುತ್ತ ಬಳಸಿ ಹೋಯಿತು.

ಆಗ ಬಂತು ಸೈಪ್ರಸ್ಸಿನ ಇಮೇಲ್.

ಹೌದು, ಅದೇ ಸೈಪ್ರಸ್. ಅದೇ ಲಿಮಸೋಲಿನ ಆಂಡ್ರಿಯಾಸ್. ಆ ಹೆಸರನ್ನು ನೀನು ಮರೆತಿರಲಾರೆ, ನಾನಂತೂ ಆ ಇಮೇಲನ್ನು ಮೂರು ಸಲ ಓದಿದೆ. ನಾವು ಮೊದಲು ಮಾದರಿಗೆಂದು ಕಳಿಸಿದ್ದ ಆರು ಕಂಚಿನ ಇಂಪೆಲ್ಲರುಗಳು, ಪಂಪಿನ ಹೊಟ್ಟೆಯೊಳಗೆ ತಿರುಗುವ ಆ ಚಕ್ರಗಳು, ಇನ್ನೂ ಸವೆಯದೆ ತಿರುಗುತ್ತಿವೆಯಂತೆ. ಆದ್ದರಿಂದ ಮತ್ತೆ ನಮ್ಮ ಹತ್ತಿರವೇ ದೊಡ್ಡ ಆರ್ಡರ್ ಕೊಡುವ ಮನಸ್ಸಿದೆ, ಜನವರಿಯಲ್ಲಿ ಪಾಲುದಾರನ ಜೊತೆ ತಾನೇ ಬರುತ್ತೇನೆ ಎಂದು ಬರೆದಿದ್ದರು.

ಸಾರ್ ಬ್ಯಾಂಕಿಗೆ ಹೋದರು. ಕಂಚು ಖರೀದಿಸಲು ಸಾಲ ಬೇಕಿತ್ತಲ್ಲ. ಬ್ಯಾಂಕಿನವರು, ಅದು ಒಡೆದು ಎರಡಾಗಿರುವ ದ್ವೀಪ, ಹಿಂದೊಮ್ಮೆ ನಿಮ್ಮ ಮಾಲು ಅಲ್ಲಿಗೆ ಹೋಗಲಾರದೆ ವಾಪಸು ಬಂದಿದೆ, ಆ ದೇಶದ ರಾಜಕೀಯ ಏನು, ಆರ್ಥಿಕ ಸ್ಥಿತಿ ಏನು, ಮುಂದೆ ಹೇಗೆ ಎಂಬ ಬಗ್ಗೆ ಒಂದು ಟಿಪ್ಪಣಿ ತನ್ನಿ ಎಂದರಂತೆ. ಸಾರ್ ಬಂದವರೇ ನನ್ನ ಮೇಜಿನ ಮುಂದೆ ನಿಂತು, "ಸವಿತಾ, ನೀವು ಬಿ.ಎ. ಮಾಡೀರಲ್ಲ, ಯಾವ ವಿಷಯ?" ಎಂದು ಕೇಳಿದರು. ಇತಿಹಾಸ, ರಾಜ್ಯಶಾಸ್ತ್ರ ಎಂದೆ. "ಹಂಗಾದ್ರೆ ನೀವೇ ಬರೀರಿ. ಹೊರಗಿನೋರ ಹತ್ರ ಬರೆಸಿದ್ರೆ ಅವರು ನನಗೆ ಬೇಕಾದ್ದು ಬರೀತಾರೆ," ಎಂದು ಒಳಗೆ ಹೋದರು.

ಗದಗಿನ ಕಾಲೇಜು ಬಿಟ್ಟು ಇಪ್ಪತ್ತು ವರ್ಷದ ಮೇಲೆ ನಾನು ಮತ್ತೆ ಪರೀಕ್ಷೆಗೆ ಕೂತಂತಾಯಿತು. ಮೂರು ವಾರ ಓದಿದೆ. ಬೆಳಿಗ್ಗೆ ರೈಲಿನಲ್ಲಿ ಫೋನ್ ಹಿಡಿದು ಓದುವುದು, ಸಂಜೆ ಬಂದು ಅನ್ನಕ್ಕಿಟ್ಟು ನಮ್ಮವರಿಗೆ ಓದಿ ಹೇಳುವುದು. ಅವರು ಎಷ್ಟು ಒಳಗಿಳಿದರೆಂದರೆ, ಅಂಗಡಿಯಲ್ಲಿ ಹಾಲು ಕೊಳ್ಳುವವರಿಗೆಲ್ಲ ಸೈಪ್ರಸ್ಸಿನ ಪಾಠ ಶುರುಮಾಡಿಬಿಟ್ಟರು.

ನಿನಗೂ ಸ್ವಲ್ಪ ಹೇಳುತ್ತೇನೆ, ಕೇಳು. ೧೯೭೪ರಲ್ಲಿ ಆ ದ್ವೀಪ ಒಡೆಯಿತು. ದಕ್ಷಿಣದಲ್ಲಿ ಗ್ರೀಕ್ ಮಾತಾಡುವವರು, ಉತ್ತರದಲ್ಲಿ ಟರ್ಕಿಶ್ ಮಾತಾಡುವವರು. ನಡುವೆ ವಿಶ್ವಸಂಸ್ಥೆಯ ಸೈನಿಕರು ಕಾಯುವ ಖಾಲಿ ಪಟ್ಟಿ. ರಾಜಧಾನಿ ನಿಕೋಸಿಯಾದ ಹೊಟ್ಟೆ ಸೀಳಿಕೊಂಡೇ ಆ ಪಟ್ಟಿ ಹೋಗುತ್ತದೆ. ದಕ್ಷಿಣ ಯುರೋಪ್ ಒಕ್ಕೂಟ ಸೇರಿಕೊಂಡಿದೆ, ಅಲ್ಲಿ ಯೂರೊ ನಡೆಯುತ್ತದೆ. ಹದಿಮೂರು ವರ್ಷದ ಹಿಂದೆ ಬ್ಯಾಂಕುಗಳು ಮುಳುಗಿ ಜನ ತಮ್ಮದೇ ಠೇವಣಿ ಕಳೆದುಕೊಂಡಿದ್ದರೂ ಈಗ ಚೇತರಿಸಿಕೊಂಡು ಸಾಲ ಇಳಿಸಿಕೊಂಡಿದೆ. ಪ್ರವಾಸಿಗರು, ಹಡಗು ಕಂಪನಿಗಳು, ಕಟ್ಟಡಗಳು. ಉತ್ತರವನ್ನು ಟರ್ಕಿ ಬಿಟ್ಟರೆ ಯಾವ ದೇಶವೂ ದೇಶವೆಂದು ಒಪ್ಪಿಲ್ಲ. ಅಲ್ಲಿ ನಡೆಯುವುದು ಟರ್ಕಿಯ ನಾಣ್ಯ ಲೀರಾ. ಅದರ ಬೆಲೆ ಇಳಿಯುತ್ತಲೇ ಇರುತ್ತದೆ, ಅಂಗಡಿಯಲ್ಲಿ ಸಾಮಾನಿನ ಬೆಲೆ ಏರುತ್ತಲೇ ಇರುತ್ತದೆ. ಟರ್ಕಿಯಿಂದ ಸಮುದ್ರದೊಳಗೆ ಕೊಳವೆ ಹಾಕಿ ನೀರು ತರುತ್ತಾರೆ. ಅಲ್ಲಿಯ ಸಾವಿರಾರು ಜನ ದಿನಾ ಗಡಿ ದಾಟಿ ದಕ್ಷಿಣಕ್ಕೆ ಕೂಲಿಗೆ ಬರುತ್ತಾರೆ. ಕಳೆದ ಅಕ್ಟೋಬರಿನಲ್ಲಿ ಮಾತುಕತೆ ಬೇಕೆನ್ನುವವರು ಉತ್ತರದ ಚುನಾವಣೆ ಗೆದ್ದಿದ್ದಾರೆ. ಐವತ್ತು ವರ್ಷದಲ್ಲಿ ಎಷ್ಟೋ ಸಲ ಮಾತುಕತೆ ಶುರುವಾಗಿದೆ, ಎಷ್ಟೋ ಸಲ ಮುರಿದಿದೆ.

ಇದನ್ನೆಲ್ಲ ಬರೆದು, ಕೊನೆಯಲ್ಲಿ "ಮುನ್ನೋಟ" ಎಂದು ತಲೆಬರಹ ಹಾಕಿ ಎರಡು ದಿನ ಸುಮ್ಮನೆ ಕೂತೆ. ಚೆನ್ನಾಗಿದೆ ಎಂದು ಬರೆದರೆ ಸಾಲ ಸಿಗುತ್ತದೆ, ಚನಬಸಪ್ಪನ ಯಂತ್ರ ತಿರುಗುತ್ತದೆ. ಸುಳ್ಳೆಂದು ತೋರಿದರೆ ನಾಳೆ ಎಲ್ಲರೂ ಸಿಕ್ಕಿಬೀಳುತ್ತೇವೆ. ಆಗ ಓದುತ್ತಾ ಓದುತ್ತಾ ಒಂದು ಸಂಗತಿ ಸಿಕ್ಕಿತು. ಊರು ಎರಡಾದ ಕೆಲವೇ ವರ್ಷಗಳಲ್ಲಿ ನಿಕೋಸಿಯಾದ ಎರಡೂ ಕಡೆಯ ನಗರ ಮುಖ್ಯಸ್ಥರು ಕೂತು, ಒಳಚರಂಡಿ ಮಾತ್ರ ಒಂದೇ ಇರಲಿ ಎಂದು ಒಪ್ಪಿಕೊಂಡರಂತೆ. ನಾಯಕರು ಮಾತು ಬಿಟ್ಟಿದ್ದ ವರ್ಷಗಳಲ್ಲೂ ಎರಡೂ ಕಡೆಯ ಕೊಳಚೆ ನೀರು ಗಡಿಯ ಕೆಳಗೆ ಹರಿದು, ಉತ್ತರದಲ್ಲಿರುವ ಒಂದೇ ಜಾಗದಲ್ಲಿ ಶುದ್ಧವಾಗುತ್ತ ಬಂದಿದೆ. ಎರಡೂ ಕಡೆಯ ಎಂಜಿನಿಯರುಗಳು ಅದಕ್ಕಾಗಿ ಕೂಡುತ್ತಾರೆ. ಪಂಪಿನ ಚಕ್ರ ಮಾಡುವ ನಮಗೆ ಇದಕ್ಕಿಂತ ಗಟ್ಟಿ ಸುದ್ದಿ ಬೇರೆ ಏನಿದೆ ಹೇಳು. ನಾನು ಬರೆದೆ: "ಈ ದ್ವೀಪ ಒಂದಾಗುತ್ತದೆಯೇ ಇಲ್ಲವೇ ಎಂದು ಹೇಳಲು ನನಗೆ ಶಕ್ತಿಯಿಲ್ಲ. ಒಂದಾದರೂ ಆಗದಿದ್ದರೂ ಅಲ್ಲಿ ಪಂಪುಗಳು ನಿಲ್ಲುವಂತಿಲ್ಲ. ಮಾಲು ದಕ್ಷಿಣದ ಲಿಮಸೋಲ್ ಬಂದರಿಗೆ ಮಾತ್ರ ಹೋಗಬೇಕು, ಮುಂಗಡ ಬಂದ ಮೇಲೆಯೇ ಎರಕ ಹೊಯ್ಯಬೇಕು."

ಇಷ್ಟು ಬರೆದು ನನಗೆ ನನ್ನ ಬಗ್ಗೆಯೇ ಹೆಮ್ಮೆಯಾಯಿತು. ಆಮೇಲೆ "ಹಿಂದಿನ ವ್ಯವಹಾರ" ಎಂಬ ಭಾಗ ಉಳಿದಿತ್ತು. ಅದರಲ್ಲಿ, "ಮೂರು ವರ್ಷದ ಹಿಂದೆ ಸಿಬ್ಬಂದಿಯೊಬ್ಬರ ಅಜಾಗರೂಕತೆಯಿಂದ ದಾಖಲೆಯಲ್ಲಿ ಬಂದರಿನ ಹೆಸರು ತಪ್ಪಾಗಿ ನಮೂದಾಗಿತ್ತು. ಅವರು ಈಗ ಕೆಲಸದಲ್ಲಿಲ್ಲ," ಎಂದು ಬರೆದೆ.

ರಕ್ಷಿತಾ, ಎರಡನೆಯ ವಾಕ್ಯ ಸುಳ್ಳು. ಆ ಸಿಬ್ಬಂದಿ ಕೆಲಸದಲ್ಲಿಯೇ ಇದ್ದಳು. ಆ ವಾಕ್ಯ ಬರೆಯುತ್ತ ಕೂತಿದ್ದವಳು ಅವಳೇ.

ಆ ಸಂಜೆ ನಿನಗೆ ಜ್ವರ ಬಂದಿತ್ತು, ನೆನಪಿದೆಯೇ? ದಾಖಲೆ ಮುಗಿಸಿ ಕೆಳಗೆ ನಿನ್ನ ಹೆಸರು ಹಾಕಿ, "ಅಕ್ಕಾ, ಒಂದ್ಸಲ ನೋಡಿ ಕಳಿಸ್ಬಿಡಿ, ನಂಗಾಗ್ತಿಲ್ಲ," ಎಂದು ಹೋಗಿದ್ದೆ. ನೀನು ಸರಿಯಾಗಿಯೇ ಲಿಮಸೋಲ್ ಎಂದು ಬರೆದಿದ್ದೆ. ನಾನು ಖರೀದಿದಾರರ ಹಾಳೆಯ ತಲೆಯ ಮೇಲೆ ನೋಡಿದೆ. ಕಂಪನಿಯ ಹೆಸರು ಫಾಮಗುಸ್ತಾ ಪಂಪ್ಸ್ ಎಂದಿತ್ತು. ಭೂಪಟ ನೋಡಿದರೆ ಫಾಮಗುಸ್ತಾ ಎಂಬುದು ದೊಡ್ಡ ಬಂದರು. ಜ್ವರದಲ್ಲಿ ಹುಡುಗಿ ತಪ್ಪಿದ್ದಾಳೆಂದು ಕಂಪ್ಯೂಟರಿನಲ್ಲಿ ನಾನೇ ತಿದ್ದಿದೆ. ಕೆಳಗೆ ನಿನ್ನ ಹೆಸರಿದ್ದ ಹಾಳೆಯ ಮೇಲೆ ನನ್ನ ತಿದ್ದುಪಡಿ. ಆ ಬಂದರು ಉತ್ತರದಲ್ಲಿದೆ, ದಕ್ಷಿಣದ ಸರ್ಕಾರ ಅದನ್ನು ಮುಚ್ಚಿದ ಬಂದರೆಂದು ಘೋಷಿಸಿದೆ ಎಂದು ನನಗೆ ಯಾವ ಕಾಲೇಜೂ ಹೇಳಿರಲಿಲ್ಲ. ಮಾಲು ಚೆನ್ನೈನಲ್ಲಿ ನಲವತ್ತು ದಿನ ಬಿದ್ದಿತ್ತು, ಬ್ಯಾಂಕು ದಾಖಲೆ ತಿರಸ್ಕರಿಸಿತು, ಆಂಡ್ರಿಯಾಸ್ ಆರ್ಡರ್ ರದ್ದು ಮಾಡಿದರು. ಸಾರ್ ಎಲ್ಲರೆದುರು ನಿನ್ನ ಮೇಲೆ ರೇಗಿದ ದಿನ ನೀನು ತಲೆ ತಗ್ಗಿಸಿ ನಿಂತಿದ್ದೆ. ನಾನು ನಿನ್ನಿಂದ ಮೂರು ಅಡಿ ದೂರದಲ್ಲಿ ನಿಂತಿದ್ದೆ. ಬಾಯಿ ತೆರೆಯಲಿಲ್ಲ. ಮನೆಯಲ್ಲಿ ಅವರು ಮಲಗಿದಲ್ಲೇ ಇದ್ದರು, ನನ್ನ ಸಂಬಳವೊಂದೇ ಆಸರೆ, ಅದೆಲ್ಲ ನಿಜ. ಆದರೂ ಬಾಯಿ ತೆರೆಯಬಹುದಿತ್ತು. ನಿನ್ನನ್ನು ಸ್ಟೋರಿಗೆ ಹಾಕಿದರು. ನಾಲ್ಕು ತಿಂಗಳಿಗೆ ಮದುವೆಯೆಂದು ಕೆಲಸ ಬಿಟ್ಟೆ. ಅನುಭವ ಪತ್ರ ಕೇಳಿದಾಗ ಸಾರ್ ಕೊಡಲಿಲ್ಲ. ಧಾರವಾಡದಲ್ಲಿ ಎರಡು ಕಡೆ ಅದಿಲ್ಲದೆ ಕೆಲಸ ತಪ್ಪಿತು ಎಂದು ನೀನು ಹೇಳಿದಾಗ ನಾನು ಪುಟ್ಟಿಗೆ ಹಲ್ಲು ಬಂತಾ ಎಂದು ಕೇಳಿದೆ.

ಈಗ ಕಳೆದ ತಿಂಗಳಿಗೆ ಬರುತ್ತೇನೆ. ಜನವರಿ ಕೊನೆಯ ವಾರ ಅವರಿಬ್ಬರೂ ಬಂದರು. ಆಂಡ್ರಿಯಾಸ್ ಎತ್ತರದ ಆಳು, ಅರವತ್ತೆಂಟು ವಯಸ್ಸು, ಬಿಳಿ ಮೀಸೆ. ಪಾಲುದಾರ ಹಸನ್ ಗಿಡ್ಡ, ಅರವತ್ತೆರಡು, ನಗುಮುಖ. ಟ್ರಾಫಿಕ್ಕಿನ ಭಯಕ್ಕೆ ನಾನೇ ಯಶವಂತಪುರದಿಂದ ಮೆಟ್ರೊದಲ್ಲಿ ಕರೆದುಕೊಂಡು ಬಂದೆ. ರೈಲಿನಲ್ಲಿ "ಗ್ರೀನ್ ಲೈನ್" ಎಂದು ಬರೆದಿದ್ದನ್ನು ಹಸನ್ ಬೆರಳು ಮಾಡಿ ತೋರಿಸಿ ನಗತೊಡಗಿದರು. ಅವರ ದೇಶವನ್ನು ಸೀಳಿದ ಗೆರೆಯ ಹೆಸರೂ ಗ್ರೀನ್ ಲೈನ್ ಅಂತೆ. ಅಲ್ಲಿ ದಾಟಲು ಗುರುತಿನ ಚೀಟಿ ತೋರಿಸಿ ಸಾಲಿನಲ್ಲಿ ನಿಲ್ಲಬೇಕು, ನೀವು ಕಾರ್ಡು ಮುಟ್ಟಿಸಿ ಹೋಗುತ್ತೀರಿ ಎಂದರು. ಆಂಡ್ರಿಯಾಸ್ ನಗಲಿಲ್ಲ, ಆದರೆ ಫೋಟೊ ತೆಗೆದುಕೊಂಡರು.

ಇಬ್ಬರ ಕಥೆಯೂ ವಿಚಿತ್ರ. ಆಂಡ್ರಿಯಾಸ್ ಹುಟ್ಟಿದ್ದು ಫಾಮಗುಸ್ತಾದಲ್ಲಿ. ಹದಿನಾರು ವರ್ಷದ ಹುಡುಗ ಉಟ್ಟ ಬಟ್ಟೆಯಲ್ಲಿ ದಕ್ಷಿಣಕ್ಕೆ ಓಡಿ ಬಂದು ಲಿಮಸೋಲ್ ಸೇರಿದ. ಹಸನ್ ಹುಟ್ಟಿದ್ದು ಲಿಮಸೋಲಿನಲ್ಲಿ. ಅವರ ಮನೆಯವರು ಉತ್ತರಕ್ಕೆ ಓಡಿ ಫಾಮಗುಸ್ತಾ ಸೇರಿದರು. ಒಬ್ಬರ ಊರಲ್ಲಿ ಇನ್ನೊಬ್ಬರು ಬದುಕುತ್ತಿದ್ದಾರೆ. ಇಬ್ಬರೂ ಪಂಪಿನ ಎಂಜಿನಿಯರುಗಳು. ಗಡಿ ದಾಟಲು ದಾರಿ ತೆರೆದ ಮೇಲೆ ಯಾವುದೋ ಕೆಟ್ಟ ಪಂಪಿನ ಮುಂದೆ ಭೇಟಿಯಾದವರು, ಈಗ ಸೇರಿ ಪಂಪ್ ದುರಸ್ತಿ ಮಾಡುತ್ತಾರೆ.

ನಮಗೆಲ್ಲ ಚಹಾ ಕೊಡುವ ಸೊಣ್ಣಮ್ಮ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತಂದಿಟ್ಟಳು. ದಾವಣಗೆರೆಯವರಾದ ಸಾರ್ ಅತಿಥಿಗಳಿಗೆ ಇದನ್ನಲ್ಲದೆ ಬೇರೇನು ಕೊಟ್ಟಾರು? ಹಸನ್ ನಾಲ್ಕು ಬಜ್ಜಿ ತಿಂದು ಕಣ್ಣೀರು ಒರೆಸಿಕೊಂಡು ಐದನೆಯದಕ್ಕೆ ಕೈ ಹಾಕಿದರು. ಸಾರ್ ನನ್ನ ಟಿಪ್ಪಣಿಯನ್ನು ಅವರಿಗೆ ಓದಿ ಹೇಳಲು ಹೇಳಿದರು. ನನ್ನ ಇಂಗ್ಲಿಷು ನಿನಗೆ ಗೊತ್ತು, ಹೇಗೋ ಓದಿದೆ. ಮುನ್ನೋಟದ ಭಾಗ ಬಂದದ್ದೇ ಇಬ್ಬರೂ ಜಗಳಕ್ಕೆ ಬಿದ್ದರು. ಆಂಡ್ರಿಯಾಸ್, ನಾನು ಸಾಯುವುದರೊಳಗೆ ಒಂದಾಗುವುದಿಲ್ಲ, ನಮ್ಮ ಕಡೆಯವರು ಸುಖವಾಗಿದ್ದಾರೆ, ಯಾರಿಗೆ ಬೇಕು ಎಂದರು. ಹಸನ್, ಆಗುತ್ತದೆ, ನಮ್ಮ ಲೀರಾವೇ ಆಗಿಸುತ್ತದೆ, ನಮ್ಮ ಮಕ್ಕಳು ಹೀಗೆ ಬದುಕಲಾರರು ಎಂದರು. ಆಂಡ್ರಿಯಾಸ್ ಮೇಜು ಕುಟ್ಟಿದರು. ಹಸನ್, ಆಂಡ್ರಿಯಾಸರ ತಟ್ಟೆಯಿಂದಲೇ ಮಂಡಕ್ಕಿ ತೆಗೆದು ತಿನ್ನುತ್ತ ಮಾತು ಮುಂದುವರಿಸಿದರು. ಇಪ್ಪತ್ತು ವರ್ಷದಿಂದ ಇದೇ ಜಗಳವಂತೆ. ಕೊನೆಗೆ ಸಾರ್ ನನ್ನ ಕಡೆ ತಿರುಗಿ ಕನ್ನಡದಲ್ಲಿ, "ನೀವು ಬರೆದಿದ್ದೇ ಸರಿ ಐತೆ. ಅಲ್ಲಿಯೋರಿಗೇ ಗೊತ್ತಿಲ್ಲ," ಎಂದರು.

ಆಮೇಲೆ "ಹಿಂದಿನ ವ್ಯವಹಾರ" ಓದಿದೆ.

ಆಂಡ್ರಿಯಾಸ್ ತಮ್ಮ ಚೀಲದಿಂದ ಪ್ಲಾಸ್ಟಿಕ್ ಹೊದಿಕೆಯಲ್ಲಿಟ್ಟ ಒಂದು ಹಾಳೆ ತೆಗೆದು ಮೇಜಿನ ಮೇಲಿಟ್ಟರು. ಅದೇ ದಾಖಲೆ. ನಾವು ಇಮೇಲಿನಲ್ಲಿ ಕಳಿಸಿದ್ದರ ಪ್ರತಿ. ತಲುಪುವ ಬಂದರು: ಫಾಮಗುಸ್ತಾ. ಅವರು ನಿಧಾನವಾಗಿ ಹೇಳಿದರು: ನನ್ನ ತಂದೆ ಆ ಬಂದರಿನಲ್ಲಿ ಗುಮಾಸ್ತರಾಗಿದ್ದರು. ದಿನಾ ಇಂಥ ಹಾಳೆಗಳಿಗೆ ಮುದ್ರೆ ಒತ್ತುತ್ತಿದ್ದರು. ಸಾಯುವ ತನಕ ಅವರಿಗೆ ಇನ್ನೊಂದು ಹಾಳೆ ನೋಡಲು ಸಿಗಲಿಲ್ಲ. ಎಲ್ಲೋ ಭಾರತದಲ್ಲಿ ಯಾರೋ ನನ್ನ ಹೆಸರಿಗೆ, ನನ್ನ ಊರಿಗೆ ಮಾಲು ಕಳಿಸಿದ್ದಾರೆ, ಏನೂ ಆಗಿಯೇ ಇಲ್ಲವೆಂಬಂತೆ. ಕಾನೂನಿನ ಪ್ರಕಾರ ರದ್ದು ಮಾಡಲೇಬೇಕಿತ್ತು, ಮಾಡಿದೆ. ಆದರೆ ಈ ಹಾಳೆಯನ್ನು ಬಿಸಾಡಲು ಆಗಲಿಲ್ಲ. ಇಷ್ಟು ಹೇಳಿ ಅವರು ಕೇಳಿದರು: ಇದನ್ನು ಬರೆದವರು ಯಾರು? ನಾನು ಅವರ ಕೈ ಕುಲುಕಬೇಕು.

ಸಾರ್, ಆ ಹುಡುಗಿ ಕೆಲಸ ಬಿಟ್ಟು ಹೋದಳು ಎಂದರು. ಆಂಡ್ರಿಯಾಸರ ಮುಖ ಬಾಡಿತು. ನನ್ನಿಂದಾಗಿ ಹೋದಳೇ ಎಂದು ಕೇಳಿದರು.

ನಾನು ಎದ್ದು ನಿಂತೆ. ಧೈರ್ಯದಿಂದ ಎಂದು ಬರೆಯಲಾರೆ. ಆಕೆ ಲಿಮಸೋಲ್ ಎಂದೇ ಬರೆದಿದ್ದಳು, ಫಾಮಗುಸ್ತಾ ಎಂದು ತಿದ್ದಿದವಳು ನಾನು ಎಂದು ಇಂಗ್ಲಿಷಿನಲ್ಲಿ ಹೇಳಿದೆ. ಆಮೇಲೆ ಸಾರ್ ಕಡೆ ತಿರುಗಿ ಅದನ್ನೇ ಕನ್ನಡದಲ್ಲೂ ಹೇಳಿದೆ. ಯಾವ ಭಾಷೆಯಲ್ಲೂ ಅನುಮಾನ ಉಳಿಯಬಾರದೆನಿಸಿತು.

ಸಾರ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು, ಮತ್ತೆ ಹಾಕಿಕೊಂಡರು. ಆಂಡ್ರಿಯಾಸ್ ಬಂದು ನನ್ನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ನನಗೆ ಆ ಕುಲುಕಿಗೆ ಅರ್ಹತೆಯಿರಲಿಲ್ಲ, ಆದರೂ ಕೈ ಬಿಡಿಸಿಕೊಳ್ಳಲಾಗಲಿಲ್ಲ.

ಅತಿಥಿಗಳನ್ನು ಶೆಡ್ ನೋಡಲು ಚನಬಸಪ್ಪನ ಜೊತೆ ಕಳಿಸಿ ಸಾರ್ ನನ್ನನ್ನು ಕೂರಿಸಿಕೊಂಡರು. ನಾನೇ, ರಾಜೀನಾಮೆ ಬರೆದುಕೊಡುತ್ತೇನೆ ಎಂದೆ.

"ಮೂರು ವರ್ಷ ಆ ಹುಡುಗಿ ಮ್ಯಾಲೆ ಸಿಟ್ಟು ಇಟ್ಕಂಡಿದ್ದೆ," ಎಂದರು. "ಈಗ ಆ ಸಿಟ್ಟು ನಿಮ್ಮ ಮ್ಯಾಲೆ ಬರಬೇಕು. ಯಾಕೋ ಬರವಲ್ದು. ಬರೋ ತನಕ ಕೆಲಸ ಮಾಡ್ತಿರಿ."

ನಾನು ಅತ್ತುಬಿಟ್ಟೆ. ಅವರು ಕಿಟಕಿಯ ಕಡೆ ನೋಡುತ್ತ, "ಅಳೋದು ಆಮ್ಯಾಲೆ. ಮೊದಲು ಆ ಹುಡುಗಿಗೆ ಕಾಗದ ಬರೀರಿ. ನಾನೂ ಎರಡು ಸಾಲು ಬರೀತೀನಿ. ಎಲ್ಲರ ಮುಂದೆ ಬೈದಿದ್ದೆ, ಎಲ್ಲರ ಮುಂದೇನೇ ಹೇಳ್ತೀನಿ," ಎಂದರು. ಹೇಳಿದಂತೆ ಮರುದಿನ ಬೆಳಿಗ್ಗೆ ಕೆಲಸ ಶುರುವಾಗುವ ಮುಂಚೆ ಎಲ್ಲರನ್ನೂ ಸೇರಿಸಿ, ರಕ್ಷಿತಾ ತಪ್ಪು ಮಾಡಿರಲಿಲ್ಲ, ವಿಚಾರಿಸದೆ ಬೈದದ್ದು ನನ್ನ ತಪ್ಪು ಎಂದರು. ನನ್ನ ಹೆಸರನ್ನು ಅವರು ಎತ್ತಲಿಲ್ಲ. ನಾನೇ ಎತ್ತಿದೆ. ಒಂದಿಬ್ಬರು ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಅದು ನ್ಯಾಯವೇ.

ಟಿಪ್ಪಣಿಯನ್ನು ತಿದ್ದಿ, ನನ್ನ ಹೆಸರು ಬರೆದು ಬ್ಯಾಂಕಿಗೆ ಕೊಟ್ಟೆವು. ಮ್ಯಾನೇಜರ್ ಮೇಡಂ ಓದಿ, ಭವಿಷ್ಯ ಗೊತ್ತಿಲ್ಲ ಎಂದು ಬರೆದ ಟಿಪ್ಪಣಿ ಇದೇ ಮೊದಲು ನೋಡಿದ್ದು ಎಂದರಂತೆ. ಸಾಲ ಮಂಜೂರಾಯಿತು. ಆರ್ಡರ್ ನಾವು ಅಂದುಕೊಂಡದ್ದಕ್ಕಿಂತ ಚಿಕ್ಕದು, ಆದರೆ ವರ್ಷವಿಡೀ ಕಂತುಗಳಲ್ಲಿ ಹೋಗುತ್ತದೆ. ಗೋದಾಮಿನವರಿಗೆ ಸಾರ್ ಬೇಡವೆಂದು ಹೇಳಿ ಕಳಿಸಿದರು. ಯಂತ್ರಗಳ ಹೊದಿಕೆ ತೆಗೆದ ದಿನ ಚನಬಸಪ್ಪ ಅವಕ್ಕೆ ವಿಭೂತಿ ಬಳಿದು, "ಅಕ್ಕಾರ, ನಿಮ್ಮ ದ್ವೀಪದ ಗಲೀಜು ಬತ್ತಬಾರದ್ರಿ, ನಮ್ಮ ಹೊಟ್ಟೀ ಅದರಾಗೈತಿ," ಎಂದ. ಇಡೀ ಶೆಡ್ಡು ನಕ್ಕಿತು. ನನ್ನ ಜೊತೆ ಮಾತು ಬಿಟ್ಟಿದ್ದವರೂ ನಕ್ಕರು.

ಈ ಲಕೋಟೆಯಲ್ಲಿ ನಿನ್ನ ಅನುಭವ ಪತ್ರವಿದೆ, ಸಾರ್ ಬರೆದ ಎರಡು ಸಾಲೂ ಇವೆ. ರಫ್ತು ದಾಖಲೆಗಳನ್ನು ಮನೆಯಿಂದಲೇ ಮಾಡಿಕೊಡಲು ನಿನಗೆ ಆಗುತ್ತದೆಯೇ ಎಂದು ಅವರು ಕೇಳಲು ಹೇಳಿದ್ದಾರೆ. ನಿನಗೆ ನನ್ನ ಜೊತೆ ಕೆಲಸ ಮಾಡಲು ಮನಸ್ಸಿಲ್ಲದಿದ್ದರೆ ಅದನ್ನೂ ನೇರವಾಗಿ ಬರೆ. ನನಗೆ ನೋವಾಗುತ್ತದೆಂದು ಎರಡು ಮಾತು ಕಡಿಮೆ ಮಾಡಬೇಡ. ಕ್ಷಮೆ ಕೇಳುತ್ತಿದ್ದೇನೆ, ಕೊಡಲೇಬೇಕೆಂದು ಕೇಳುತ್ತಿಲ್ಲ. ಆದರೂ ಒಂದು ನಿಜ ಹೇಳಿಬಿಡುತ್ತೇನೆ: ಮೂರು ವರ್ಷದಲ್ಲಿ ಈ ವಾರ ನಾನು ನಿದ್ದೆ ಮಾಡಿದಷ್ಟು ಯಾವತ್ತೂ ಮಾಡಿಲ್ಲ. ಇವತ್ತು ಬೆಳಿಗ್ಗೆ ಎದ್ದಾಗ ಬಿಸಿಲು ಹಾಸಿಗೆಯ ಮೇಲಿತ್ತು, ನಮ್ಮವರು ಆಗಲೇ ಹಾಲು ತಂದು ಚಹಾ ಮಾಡಿ, ಒಂದೇ ಕೈಯಲ್ಲಿ ಲೋಟ ಹಿಡಿದು ನಿಂತಿದ್ದರು.

ಪುಟ್ಟಿಗೆ ಮುತ್ತು. ನಿಮ್ಮವರಿಗೆ ನನ್ನ ಶರಣು.

ತಡವಾಗಿಯಾದರೂ ನಿನ್ನವಳೇ ಆದ
ಸವಿತಕ್ಕ

ತಾಜಾಕಲಂ: ಸೋಮವಾರ ಬರೆಯುತ್ತಿದ್ದೇನೆ. ನಿನ್ನೆ ಅಂಚೆಗೆ ಹಾಕಲಾಗಲಿಲ್ಲ. ಇವತ್ತು ಚಹಾ ಹೊತ್ತಿನಲ್ಲಿ ಸೊಣ್ಣಮ್ಮನಿಗೆ, ರಕ್ಷಿತಾಳಿಗೆ ಕಾಗದ ಬರೆದಿದ್ದೇನೆ, ಓದಿ ಏನನ್ನುತ್ತಾಳೋ ಎಂದೆ. ಅವಳು ಲೋಟ ತೊಳೆಯುತ್ತಲೇ, "ಆ ಮಗೀಗೆ ಆವತ್ತೇ ಗೊತ್ತಿತ್ತು ಕಣವ್ವ," ಎಂದಳು. ಕಂಪ್ಯೂಟರಿನಲ್ಲಿ ಕೊನೆಗೆ ತಿದ್ದಿದವರ ಹೆಸರು ನೀನು ನೋಡಿದ್ದೆಯಂತೆ. "ಸವಿತಕ್ಕನ ಮನೇಲಿ ಮಲಗಿರೋರು ಅವ್ರೆ, ನಾನು ಎಂಗೂ ಮದುವೆಯಾಗಿ ಓಗೋಳು, ಯಾರಿಗೂ ಅನ್ಬೇಡ ಅಂತ ನನ್ನ ತಾವ ಆಣೆ ಆಕಿಸ್ಕೊಂಡಿತ್ತು. ನೀನೇ ಎಲ್ಲಾರ ಮುಂದೆ ಏಳ್ಬಿಟ್ಟ ಮ್ಯಾಲೆ ಆಣೆ ಇನ್ನೆಲ್ಲಿ," ಎಂದಳು. ಹಾಗಾದರೆ ಪ್ರತಿ ಯುಗಾದಿಗೆ ನೀನು ಫೋನ್ ಮಾಡಿ, "ಮತ್ತೇನಕ್ಕಾ, ಇನ್ನೇನು ಸಮಾಚಾರ?" ಎಂದು ಎರಡೆರಡು ಸಲ ಕೇಳಿ ಸುಮ್ಮನಾಗುತ್ತಿದ್ದದ್ದು ಇದಕ್ಕೇ? ಈ ಕಾಗದ ಹರಿದು ಹಾಕೋಣವೆನಿಸಿತು. ಹರಿಯಲಿಲ್ಲ. ನಿನಗೆ ಗೊತ್ತಿರುವುದೇ ಆದರೂ, ನನ್ನ ಕೈಯಿಂದ ಬಂದದ್ದನ್ನು ಒಂದು ಸಲ ಓದು.